ಕಪಾಟಿಗೆ ಅಗಸೆ ಎಣ್ಣೆ: ಒರೆಸಿದ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದೇಕೆ?

ತುಮಕೂರಿನಲ್ಲಿ ಮರಗೆಲಸ ಕಲಿಯುತ್ತಿರುವ ನಮ್ಮಲ್ಲಿ ಹಲವರು, ವಾರ್ನಿಷ್‌ಗಿಂತ ಎಣ್ಣೆ ಸುರಕ್ಷಿತ ಎಂದು ನಂಬಿದ್ದೇವೆ. ಡಬ್ಬಿಯಲ್ಲಿರುವಷ್ಟು ಹೊತ್ತು ಅದು ನಿಜ. ಅಗಸೆ ಎಣ್ಣೆಗೆ ಕಿಡಿ ತಗುಲಿ ಬೆಂಕಿ ಹತ್ತಬೇಕಾದರೆ ಎಣ್ಣೆ 200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದಿರಬೇಕು. ಆದರೆ ಅದೇ ಎಣ್ಣೆಯನ್ನು ಒರೆಸಿದ ಬನಿಯನ್ ವೇಸ್ಟ್ ಮುದ್ದೆಯಾಗಿ ಮೂಲೆಯಲ್ಲಿ ಬಿದ್ದಿದ್ದರೆ, ಬೆಂಕಿಕಡ್ಡಿಯ ಹಂಗಿಲ್ಲದೆ ಕೆಲವೇ ಗಂಟೆಗಳಲ್ಲಿ ಹೊತ್ತಿಕೊಳ್ಳಬಹುದು. ಕಾರಣ ಅರ್ಥವಾದರೆ ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ನೀರು ಆವಿಯಾಗಿ ಒಣಗುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಹಾಗಾಗಿ ಒಣಗುವಾಗ ಅದರ ತೂಕ ಹೆಚ್ಚುತ್ತದೆ. ಈ ಎಣ್ಣೆಯ ಸುಮಾರು ಅರ್ಧ ಭಾಗ ಲಿನೋಲೆನಿಕ್ ಎಂಬ ಕೊಬ್ಬಿನಾಮ್ಲ. ಅದರ ಪ್ರತಿ ಅಣುವಿನಲ್ಲೂ ಇಂಗಾಲದ ಪರಮಾಣುಗಳ ನಡುವೆ ಮೂರು ದ್ವಿಬಂಧಗಳಿವೆ. ಆಮ್ಲಜನಕ ಈ ಬಂಧಗಳ ಬಳಿ ಸೇರಿಕೊಂಡು ಅಣುಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಒಂದು ಎಣ್ಣೆ ಎಷ್ಟು ಚೆನ್ನಾಗಿ ಗಟ್ಟಿಯಾಗುತ್ತದೆ ಎಂಬುದನ್ನು, ಅದರಲ್ಲಿ ಇಂಥ ಬಂಧಗಳು ಎಷ್ಟಿವೆ ಎಂದು ತೋರಿಸುವ ಅಯೋಡಿನ್ ಸಂಖ್ಯೆಯಿಂದ ಅಂದಾಜು ಮಾಡಬಹುದು. ಅಗಸೆಗೆ ಇದು ಸುಮಾರು 180, ಕಡಲೆಕಾಯಿ ಎಣ್ಣೆಗೆ 90ರ ಹತ್ತಿರ, ಕೊಬ್ಬರಿ ಎಣ್ಣೆಗೆ 10ರ ಆಸುಪಾಸು. ತಿಪಟೂರಿನ ಕೊಬ್ಬರಿಯ ಎಣ್ಣೆ ಎಷ್ಟೇ ಶುದ್ಧವಾಗಿದ್ದರೂ ಕಪಾಟಿನ ಮೇಲೆ ಜಿಡ್ಡಾಗಿಯೇ ಉಳಿದು ಧೂಳನ್ನು ಹಿಡಿಯುವುದು ಇದೇ ಕಾರಣಕ್ಕೆ. ಬಾಗಿಲಿಗೆ ಹಚ್ಚುವ ಹರಳೆಣ್ಣೆಯೂ ಹಾಗೆಯೇ.

ಅಣುಗಳು ಹೀಗೆ ಹೆಣೆದುಕೊಳ್ಳುವಾಗ ಶಾಖ ಹೊರಬರುತ್ತದೆ. ಹಲಗೆಯ ಮೇಲಿನ ತೆಳು ಪದರದಿಂದ ಆ ಶಾಖ ಗಾಳಿಗೆ ಸೇರಿಹೋಗುತ್ತದೆ, ನಮ್ಮ ಕೈಗೆ ಗೊತ್ತೂ ಆಗುವುದಿಲ್ಲ. ಮುದ್ದೆಯಾದ ಬಟ್ಟೆಯ ಸ್ಥಿತಿ ಬೇರೆ. ಪ್ರತಿ ನೂಲಿಗೂ ಎಣ್ಣೆ ಅಂಟಿರುತ್ತದೆ, ನಡುವೆ ಬೇಕಾದಷ್ಟು ಗಾಳಿ ಇರುತ್ತದೆ, ಶಾಖ ಹೊರಹೋಗಲು ಮಾತ್ರ ದಾರಿ ಇರುವುದಿಲ್ಲ. ಚಳಿಗಾಲದ ಬೆಳಿಗ್ಗೆ ತಿಪ್ಪೆ ಕೆದಕಿದವರಿಗೆ ರಾಶಿಯ ಒಡಲಲ್ಲಿ ಕಾವು ಹೇಗೆ ಕೂಡುತ್ತದೆ ಎಂಬುದು ಗೊತ್ತು. ಇಲ್ಲಿ ಕಾವು ಹೆಚ್ಚಿದಷ್ಟೂ ಕ್ರಿಯೆಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಕಾವು ಏರುತ್ತದೆ. ಕೊನೆಗೆ ಬಟ್ಟೆಯೇ ಕರಕಲಾಗಿ ಹೊತ್ತಿಕೊಳ್ಳುತ್ತದೆ. ಅಂಗಡಿಯಲ್ಲಿ ‘ಕುದಿಸಿದ’ ಎಂದು ಮಾರುವ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್ ಲವಣಗಳನ್ನು ಸೇರಿಸಿರುತ್ತಾರೆ. ಅದನ್ನು ಒರೆಸಿದ ಬಟ್ಟೆಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು.

1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಗಳ ಕಟ್ಟಡದ 22ನೇ ಮಹಡಿಯಲ್ಲಿ ಬೆಂಕಿ ಹುಟ್ಟಿತು. ಗೋಡೆಯ ಮರದ ಹಲಗೆಗಳಿಗೆ ಹೊಳಪು ಕೊಟ್ಟವರು ಅಗಸೆ ಎಣ್ಣೆಯ ಬಟ್ಟೆಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಇದನ್ನು ಓದಿದ ಮೇಲೆ ‘ನಾಳೆ ಬಂದು ಎತ್ತಿದರಾಯಿತು’ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದ್ದರಿಂದ ಕೆಲಸ ಮುಗಿದ ಕೂಡಲೇ, ಕೈ ತೊಳೆಯುವುದಕ್ಕೂ ಮೊದಲು, ಬಟ್ಟೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ಹೊರಗಡೆ ಸಿಮೆಂಟ್ ನೆಲದ ಮೇಲೆ, ನೆರಳಿನಲ್ಲಿ, ಒಂದರ ಮೇಲೊಂದು ಬೀಳದಂತೆ ಹರಡಬೇಕು. ಮರದ ಹೊಟ್ಟು, ತೆಂಗಿನ ಗರಿ ಹತ್ತಿರ ಇರಬಾರದು. ಬಟ್ಟೆಗಳು ಹಪ್ಪಳದಂತೆ ಪೂರ್ತಿ ಬಿರುಸಾದ ಮೇಲೆ ಎಸೆಯಬಹುದು. ಹರಡಲು ಜಾಗವಿಲ್ಲದಿದ್ದರೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ. ಪ್ಲಾಸ್ಟಿಕ್ ಚೀಲವಾಗಲಿ ಕಸದ ಬುಟ್ಟಿಯಾಗಲಿ ಬೇಡವೇ ಬೇಡ. ಎಣ್ಣೆ ಹಿಡಿದ ಹೊಟ್ಟಿಗೂ ಉಪ್ಪು ಕಾಗದಕ್ಕೂ ಇದೇ ನಿಯಮ.

ಎಣ್ಣೆಯನ್ನು ತೆಳುವಾಗಿಸಲು ಬೆರೆಸುವ ಟರ್ಪೆಂಟೈನ್‌ನ ಅಪಾಯ ಬೇರೆ ಬಗೆಯದು. ಸುಮಾರು 35 ಡಿಗ್ರಿಯಲ್ಲೇ ಅದರ ಆವಿಗೆ ಕಿಡಿ ಸಾಕು. ಏಪ್ರಿಲ್ ಮಧ್ಯಾಹ್ನ ನಮ್ಮ ಊರಿನ ಬಿಸಿಲು ಆ ಮಟ್ಟ ಮುಟ್ಟುತ್ತದೆ. ಅಡುಗೆಮನೆಯ ಕಪಾಟಾದರೆ ಒಲೆ ಆರಿಸಿ, ಸಿಲಿಂಡರ್ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸುವುದು ಲೇಸು.

ಹಚ್ಚುವ ಕ್ರಮ ಸರಳ. 120, 180, 220 ಸಂಖ್ಯೆಯ ಉಪ್ಪು ಕಾಗದದಿಂದ ಮರದ ಎಳೆಯ ಗುಂಟ ಉಜ್ಜಿ. ಮರದ ಧೂಳು ಕ್ಯಾನ್ಸರ್‌ಕಾರಕ, ಆದ್ದರಿಂದ ಮುಖಗವಸು ಬೇಕು. ಹಳೆಯ ಬಣ್ಣವಿರುವ ಕಪಾಟಾದರೆ ಒಣದಾಗಿ ಉಜ್ಜಬೇಡಿ, ಆ ಧೂಳಿನಲ್ಲಿ ಸೀಸವಿರಬಹುದು. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಬಂದದ್ದೇ 2016ರಲ್ಲಿ. ಎಣ್ಣೆಯನ್ನು ತೆಳ್ಳಗೆ ಸವರಿ 15–20 ನಿಮಿಷ ಬಿಡಿ, ಮರ ಹೀರದೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಉಳಿಸಿದರೆ ಅದು ಅಂಟಂಟಾಗಿಯೇ ಇರುತ್ತದೆ. ಕನಿಷ್ಠ ಒಂದು ದಿನ ಬಿಟ್ಟು ಮತ್ತೊಂದು ಕೈ. ತೇಗದಲ್ಲಿ ತನ್ನದೇ ಎಣ್ಣೆಯ ಅಂಶವಿರುವುದರಿಂದ ಮೊದಲು ಥಿನ್ನರ್‌ನಿಂದ ಒರೆಸಿಕೊಳ್ಳಬೇಕು. ಹಲಸಿನ ಹಳದಿ ಮಾತ್ರ ಎಣ್ಣೆ ಬಿದ್ದಾಗ ಎಷ್ಟು ಚೆನ್ನಾಗಿ ಮಾಗುತ್ತದೆಂದರೆ, ಅದಕ್ಕೆ ಬೇರೆ ಪಾಲಿಶ್ ಹಾಕಲು ನಾನಂತೂ ಒಪ್ಪುವುದಿಲ್ಲ.

ಕಪಾಟಿನ ಒಳಭಾಗಕ್ಕೆ ಅಗಸೆ ಎಣ್ಣೆ ಹೊಂದುವುದಿಲ್ಲ. ಬಾಗಿಲು ಮುಚ್ಚಿದರೆ ಗಾಳಿ ಆಡುವುದಿಲ್ಲ, ಎಣ್ಣೆ ನಿಧಾನವಾಗಿ ಗಟ್ಟಿಯಾಗುತ್ತಾ ತಿಂಗಳುಗಟ್ಟಲೆ ಮುಗ್ಗಲು ವಾಸನೆ ಬಿಡುತ್ತದೆ. ಒಳಗೆ ಅರಗಿನ ಪಾಲಿಶ್ ಸಾಕು. ಹೊರಮೈ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ತಿಂಗಳು ಬೇಕು. ಮೊದಲ ಕೆಲವು ದಿನ ಬಾಗಿಲುಗಳನ್ನು ತೆರೆದೇ ಇಡಿ. ಬಿಳಿ ಬಟ್ಟೆಯಿಂದ ಒತ್ತಿ ಒರೆಸಿದಾಗ ಕಲೆಯಾಗಲಿ ವಾಸನೆಯಾಗಲಿ ಅಂಟದಿದ್ದರೆ ಕಾಫಿಪುಡಿ, ಸಾರಿನ ಪುಡಿಯ ಡಬ್ಬಿಗಳನ್ನು ಒಳಗೆ ಜೋಡಿಸಬಹುದು.