ಆಫೀಸಿನ ಹಳೇ ಸ್ಲಿಮ್ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಬಹುದಾ?

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್ 9020 ತಗೊಂಡಿದ್ದೇನೆ. ತೆಳ್ಳಗಿನ ಕ್ಯಾಬಿನೆಟ್. ಐ5-4590 ಪ್ರೊಸೆಸರ್, 8 ಜಿಬಿ ರ್ಯಾಮ್ ಇದೆ. ಮಗನಿಗೆ ಗೇಮ್ ಆಡುವ ಆಸೆ, ನನಗೆ ಸ್ವಲ್ಪ ವಿಡಿಯೊ ಎಡಿಟಿಂಗ್ ಕೆಲಸ. ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದಾ? ಯಾವುದು?

ಉತ್ತರ: ಹಾಕಿಸಬಹುದು. ಆದರೆ ಕಾರ್ಡಿನ ಬೆಲೆ ವಿಚಾರಿಸುವ ಮೊದಲು ಕ್ಯಾಬಿನೆಟ್ ಬಿಚ್ಚಿ ಒಳಗೆ ನೋಡಿ. ಇಂಥ ಪೆಟ್ಟಿಗೆಯಲ್ಲಿ ಯಾವ ಕಾರ್ಡ್ ಅನ್ನೋದನ್ನು ನಮ್ಮ ಆಸೆಗಿಂತ ಜಾಸ್ತಿ ಅದರ ಜಾಗ ಮತ್ತು ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ತೀರ್ಮಾನ ಮಾಡುತ್ತವೆ.

ಮೊದಲು ಕರೆಂಟಿನ ಲೆಕ್ಕ. ನಿಮ್ಮ ಪೆಟ್ಟಿಗೆಯ ಎಸ್‌ಎಂಪಿಎಸ್ 255 ವ್ಯಾಟ್‌ನದು. ಗ್ರಾಫಿಕ್ಸ್ ಕಾರ್ಡಿಗೆ ಪ್ರತ್ಯೇಕ ಪವರ್ ವೈರ್ ಅದರಲ್ಲಿ ಇರುವುದಿಲ್ಲ. ಹಾಗಾಗಿ ಕಾರ್ಡಿಗೆ ಬೇಕಾದ ಪೂರ್ತಿ ಕರೆಂಟ್ ಮದರ್‌ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಸ್ಲಾಟ್‌ನಿಂದಲೇ ಬರಬೇಕು. ಪಿಸಿಐ ಎಕ್ಸ್‌ಪ್ರೆಸ್ ನಿಯಮದಲ್ಲಿ ಆ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಪ್ರೊಸೆಸರ್ ಬೇರೆ 84 ವ್ಯಾಟ್‌ನದು. ಆದ್ದರಿಂದ 6 ಪಿನ್ ಅಥವಾ 8 ಪಿನ್ ಪವರ್ ಕೇಳುವ ಕಾರ್ಡ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಹಾರ್ಡ್ ಡಿಸ್ಕಿನ ಸಾಟಾ ಪವರ್ ವೈರಿಗೆ ಕನ್ವರ್ಟರ್ ಸಿಕ್ಕಿಸಿ ಓಡಿಸಬಹುದು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಆ ತೆಳು ವೈರ್ ಅಷ್ಟು ಹೊರೆ ತಡೆಯಲ್ಲ, ಬಿಸಿಯಾಗಿ ಕರಗಬಹುದು. ಎಸ್‌ಎಂಪಿಎಸ್ಸನ್ನೇ ಬದಲಾಯಿಸೋಣ ಅಂದರೂ ಸುಲಭವಲ್ಲ. ಈ ಮಾಡೆಲ್‌ನಲ್ಲಿ ಮದರ್‌ಬೋರ್ಡಿಗೆ ಹೋಗುವುದು ಮಾಮೂಲಿ 24 ಪಿನ್ ಅಲ್ಲ, ಡೆಲ್‌ನ ಸ್ವಂತ 8 ಪಿನ್. ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಆ ಕ್ಯಾಬಿನೆಟ್‌ನಲ್ಲಿ ಕೂರುವುದೂ ಇಲ್ಲ.

ಇನ್ನು ಜಾಗ. ನಿಮಗೆ ಬೇಕಿರುವುದು ಲೋ ಪ್ರೊಫೈಲ್ ಕಾರ್ಡ್, ಅಂದರೆ ಎತ್ತರ ಸುಮಾರು 69 ಮಿಲಿಮೀಟರ್ ಒಳಗೆ ಇರುವಂಥದ್ದು. ಹಿಂಬದಿಗೆ ಸ್ಕ್ರೂ ಹಾಕುವ ತಗಡಿನ ಪಟ್ಟಿಯೂ ಗಿಡ್ಡದೇ ಆಗಬೇಕು. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಈ ಗಿಡ್ಡ ಪಟ್ಟಿ ಕಳೆದುಹೋಗಿರುವುದೇ ಹೆಚ್ಚು. ದುಡ್ಡು ಕೊಡುವ ಮೊದಲೇ ಕೇಳಿ ಕೈಗೆ ತಗೊಳ್ಳಿ. ದಪ್ಪವನ್ನೂ ನೋಡಬೇಕು. ಕೆಲವು ಸ್ಲಿಮ್ ಕ್ಯಾಬಿನೆಟ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದನೆಯ ಎಕ್ಸ್16 ಸ್ಲಾಟ್ ಎಸ್‌ಎಂಪಿಎಸ್‌ಗೆ ಅಂಟಿಕೊಂಡಂತೆ ಇರುತ್ತದೆ. ಅಲ್ಲಿ ಎರಡು ಸ್ಲಾಟಿನ ದಪ್ಪದ ಕಾರ್ಡ್ ಕೂರೋದೇ ಇಲ್ಲ. ಬಿಚ್ಚಿ ನೋಡಿ ಅಂದಿದ್ದು ಇದಕ್ಕೇ.

ಈಗ ಕಾರ್ಡುಗಳು. ಎನ್‌ವಿಡಿಯಾದ ಟಿ600 ಅಥವಾ ಟಿ1000 ನನ್ನ ಮೊದಲ ಆಯ್ಕೆ. ಒಂದೇ ಸ್ಲಾಟಿನ ದಪ್ಪ, ಲೋ ಪ್ರೊಫೈಲ್, ಕ್ರಮವಾಗಿ 40 ಮತ್ತು 50 ವ್ಯಾಟ್. ಇವು ಡಿಸೈನ್, ಕ್ಯಾಡ್ ಥರದ ವೃತ್ತಿಪರ ಕೆಲಸಕ್ಕೆಂದು ಬಂದ ಕಾರ್ಡುಗಳಾದರೂ ಗೇಮ್‌ಗಳೂ ಓಡುತ್ತವೆ, ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗಲೂ ನೆರವಿಗೆ ಬರುತ್ತವೆ. ಹಿಂದೆ ಇರುವುದು ಮಿನಿ ಡಿಸ್‌ಪ್ಲೇಪೋರ್ಟ್ ಮಾತ್ರ. ಎಚ್‌ಡಿಎಂಐ ಮಾನಿಟರ್ ಆಗಿದ್ದರೆ ಜೊತೆಗೆ ಒಂದು ಕನ್ವರ್ಟರ್ ಬೇಕು. ಎರಡು ಸ್ಲಾಟಿಗೆ ಜಾಗ ಇದ್ದರೆ ಜಿಟಿಎಕ್ಸ್ 1650 ಲೋ ಪ್ರೊಫೈಲ್ ಕೂಡ ಒಳ್ಳೆಯದೇ. ಅದು 75 ವ್ಯಾಟ್‌ನದು, ಸ್ಲಾಟಿನ ಮಿತಿಗೆ ಸರಿಯಾಗಿ ಬಂದು ನಿಲ್ಲುತ್ತದೆ.

ರೇಡಿಯಾನ್ ಆರ್‌ಎಕ್ಸ್ 6400 ಬಗ್ಗೆ ಕೇಳಿರುತ್ತೀರಿ. 53 ವ್ಯಾಟ್, ಒಂದೇ ಸ್ಲಾಟಿನ ಮಾಡೆಲ್‌ಗಳೂ ಇವೆ. ಕೇಳೋಕೆ ಸರಿಯಾಗೇ ಇದೆ. ಆದರೆ ಅದು ನಾಲ್ಕೇ ಲೇನ್ (ಸ್ಲಾಟ್‌ನಲ್ಲಿ ಡೇಟಾ ಓಡಾಡುವ ದಾರಿ) ಬಳಸುವ ಕಾರ್ಡ್. ನಿಮ್ಮದರಂಥ ಹಳೇ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನಲ್ಲಿ ಕೆಲವು ಗೇಮ್‌ಗಳಲ್ಲಿ ವೇಗ ಕಳೆದುಕೊಳ್ಳುತ್ತದೆ. ಜೊತೆಗೆ ವಿಡಿಯೊ ಎನ್‌ಕೋಡ್ ಮಾಡುವ, ಅಂದರೆ ಎಕ್ಸ್‌ಪೋರ್ಟ್ ವೇಳೆ ವಿಡಿಯೊ ಫೈಲ್ ತಯಾರಿಸುವ, ಭಾಗವೇ ಅದರಲ್ಲಿ ಇಲ್ಲ. ಎಡಿಟಿಂಗ್ ಮಾಡುವವರಿಗೆ ನಾನು ಹೇಳಲ್ಲ.

ಜಿಟಿ 1030 ಅಗ್ಗ ಅಂತ ತಗೊಳ್ಳುವುದಾದರೆ ಡಬ್ಬಿ ಮೇಲೆ ಜಿಡಿಡಿಆರ್5 (ಕಾರ್ಡಿನ ಮೆಮೊರಿಯ ಬಗೆ) ಅಂತ ಇರಲೇಬೇಕು. ಅದೇ ಹೆಸರಲ್ಲಿ ಡಿಡಿಆರ್4 ಕಾರ್ಡೂ ಬರುತ್ತದೆ. ಮೆಮೊರಿ ವೇಗ ಮೊದಲನೆಯದರಲ್ಲಿ ಸೆಕೆಂಡಿಗೆ 48 ಜಿಬಿ, ಎರಡನೆಯದರಲ್ಲಿ ಸುಮಾರು 17. ಹೆಸರು ಒಂದೇ, ಮಾಲು ಬೇರೆ. ಗೊತ್ತಿಲ್ಲದೆ ಕೊಂಡವರಿಗೆ ಇದು ಅನ್ಯಾಯ ಅಲ್ವಾ? ಅದಲ್ಲದೆ ಈ 1030, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಜಿಟಿಎಕ್ಸ್ 1050 ಟಿಐ ಎರಡೂ ಪ್ಯಾಸ್ಕಲ್ (ಎನ್‌ವಿಡಿಯಾದ ಒಂದು ಹಳೇ ತಲೆಮಾರು) ಕಾಲದ ಕಾರ್ಡುಗಳು. ಹೊಸ ಗೇಮ್‌ಗಳಿಗಾಗಿ ಬರುವ ಡ್ರೈವರ್‌ಗಳನ್ನು ಇವಕ್ಕೆ ಕೊಡುವುದನ್ನು ಎನ್‌ವಿಡಿಯಾ 2025ರಲ್ಲೇ ನಿಲ್ಲಿಸಿದೆ.

ನಾಲ್ಕು ಕೋರಿನ ಆ ಪ್ರೊಸೆಸರ್ ಮೇಲೆ ತುಂಬಾ ಭಾರ ಹಾಕಬೇಡಿ. ಮಗನಿಗೆ ವ್ಯಾಲರಂಟ್, ಮೈನ್‌ಕ್ರಾಫ್ಟ್ ಥರದ ಗೇಮ್ ಸಾಕು ಅಂದರೆ ಖರ್ಚಿಗೆ ಬೆಲೆ ಇದೆ. ಈಗ ಬರುವ ದೊಡ್ಡ ಗೇಮ್‌ಗಳೇ ಬೇಕು ಅಂದರೆ ಸುಮ್ನೆ ಈ ಪೆಟ್ಟಿಗೆಗೆ ದುಡ್ಡು ಸುರಿಯಬೇಡಿ, ಟವರ್ ಕ್ಯಾಬಿನೆಟ್‌ಗೆ ಕೂಡಿಡಿ. 8 ಜಿಬಿ ಒಂದೇ ಸ್ಟಿಕ್ ಆಗಿದ್ದರೆ ಇನ್ನೊಂದು 8 ಜಿಬಿ ಡಿಡಿಆರ್3 ಸೇರಿಸಿ. ಎಡಿಟಿಂಗ್‌ನಲ್ಲಿ ಮೊದಲು ಗೊತ್ತಾಗುವುದು ಅದೇ.

ಕಾರ್ಡ್ ಕೂರಿಸಿದ ಮೇಲೆ ಮಾನಿಟರ್ ವೈರನ್ನು ಕಾರ್ಡಿಗೇ ಹಾಕಿ. ಹಳೇ ಜಾಗಕ್ಕೇ ಸಿಕ್ಕಿಸಿ "ಕಾರ್ಡ್ ಕೆಲಸ ಮಾಡ್ತಿಲ್ಲ" ಅಂತ ವಾಪಸ್ ಒಯ್ಯುವವರು ಬಹಳ ಜನ ಇದ್ದಾರೆ.