ಥಂಡಿಯಲ್ಲಿ ಮಗುವಿಗೆ ಜಾಕೆಟ್ ಹಾಕಿ ಕಾರ್ ಸೀಟಿನಲ್ಲಿ ಕೂರಿಸಬಹುದಾ?

ಓದುಗರ ಪ್ರಶ್ನೆ: "ಅಕ್ಕಾ, ನಾವು ಬೀದರಿನಾಗ ಇರ್ತೀವಿ. ಎಳ್ಳ ಅಮಾಸಿಗೆ ನಸುಕಿನಾಗ ಎದ್ದು ಹುಮನಾಬಾದ್ ಕಡೆ ನಮ್ಮ ಹೊಲಕ್ಕ ಹೋಗೋದದ. ಮಗಳಿಗೆ 14 ತಿಂಗಳು. ಕಾರ್ ಸೀಟ್ ತಗೊಂಡೀವಿ. ವರ್ಷ ತುಂಬಿದ ಮ್ಯಾಲೆ ಮುಂದಕ್ಕ ಮುಖ ಮಾಡಿ ಕೂಡಸ್ತೀವಿ. ದಪ್ಪ ಜಾಕೆಟ್ ಹಾಕಿದ್ರ ಬೆಲ್ಟ್ ಸಾಲಂಗಿಲ್ಲ, ಸಡಿಲ ಮಾಡಬೇಕಾಗ್ತದ. ಜಾಕೆಟ್ ತೆಗೆದ್ರ ನಮ್ಮ ಅತ್ತಿ 'ಕೂಸಿಗೆ ಥಂಡಿ ಹತ್ತತದ' ಅಂತಾರ. ಏನ್ ಮಾಡ್ಲಿ?"

ತಂಗಿ, ಕಾರ್ ಸೀಟಿನಲ್ಲಿ ದಪ್ಪ ಜಾಕೆಟ್ ಬೇಡ. ಮೈಗೆ ಹತ್ತುವಂಥ ತೆಳು ಬಟ್ಟೆ ಎರಡು ಮೂರು ಹಾಕಿ, ಬೆಲ್ಟ್ ಬಿಗಿ ಮಾಡಿ, ಆಮೇಲೆ ಬೆಲ್ಟಿನ ಮೇಲೆ ಕೌದಿ ಹೊದಿಸಿ. ಮೊದಲು ಬೆಲ್ಟ್, ನಂತರ ಕೌದಿ. ಈ ಕ್ರಮ ತಪ್ಪಬಾರದು. ನಿಮ್ಮ ಅತ್ತೆಯವರ ಮಾತೂ ಸುಳ್ಳಲ್ಲ. ಕೂಸಿಗೆ ಥಂಡಿ ಹತ್ತಬಾರದು ಅನ್ನುವುದು ಸರಿಯಾದ ಕಾಳಜಿಯೇ. ಆದರೆ ಆ ಕೆಲಸಕ್ಕೆ ಕಾರಿನೊಳಗೆ ಜಾಕೆಟ್ ಸರಿಯಾದ ಬಟ್ಟೆ ಅಲ್ಲ.

ಕಾರಣ ಹೇಳುತ್ತೇನೆ. ಉಬ್ಬಿದ ಜಾಕೆಟ್ ಬೆಚ್ಚಗಿಡುವುದು ಅದರೊಳಗಿನ ಗಾಳಿಯಿಂದ. ಹತ್ತಿಯಂಥ ತುಂಬುವಿಕೆಯ ನಡುವೆ ಗಾಳಿ ನಿಂತು ಮೈಯ ಶಾಖವನ್ನು ಹಿಡಿದಿಡುತ್ತದೆ. ಅದರ ಮೇಲೆ ಬೆಲ್ಟ್ ಬಿಗಿದರೆ ನಮ್ಮ ಕೈಗೆ ಬಿಗಿಯಾಗಿಯೇ ಅನಿಸುತ್ತದೆ. ನಿಜದಲ್ಲಿ ಬೆಲ್ಟ್ ಹಿಡಿದಿರುವುದು ಮಗುವನ್ನಲ್ಲ, ಆ ಗಾಳಿಯನ್ನು. ಕಾರು ಎಲ್ಲಾದರೂ ಬಡಿದರೆ ಮಗುವಿನ ಮೈ ಭಾರವಾಗಿ ಬೆಲ್ಟಿನ ಮೇಲೆ ಬೀಳುತ್ತದೆ. ಒಳಗಿನ ಗಾಳಿ ಒಂದೇ ಕ್ಷಣದಲ್ಲಿ ಹೊರಗೆ ಹೋಗುತ್ತದೆ, ಜಾಕೆಟ್ ಚಪ್ಪಟೆಯಾಗುತ್ತದೆ. ಬೆಲ್ಟಿಗೂ ಎದೆಗೂ ನಡುವೆ ಜಾಗ ಬಿಟ್ಟುಕೊಳ್ಳುತ್ತದೆ. ಆ ಜಾಗದಲ್ಲಿ ಭುಜ ಜಾರಿ ಹೊರಗೆ ಬರಬಹುದು. ಮಗು ಇಡಿಯಾಗಿ ಹೊರಗೆ ಹಾರಲೂಬಹುದು.

ಇದನ್ನು ನಾನು ಓದಿ ಮಾತ್ರ ತಿಳಿದುಕೊಂಡದ್ದಲ್ಲ. ನನ್ನ ಮಗನಿಗೆ ಎರಡು ವರ್ಷ ಇದ್ದಾಗ, ಜನವರಿಯ ಒಂದು ಬೆಳಗ್ಗೆ, ರಸ್ತೆಗೆ ಅಡ್ಡ ಕುರಿ ಹಿಂಡು ಬಂತು. ಮನೆಯವರು ಜೋರಾಗಿ ಬ್ರೇಕ್ ಹಾಕಿದರು. ಏನೂ ತಾಗಲಿಲ್ಲ. ಹಿಂದೆ ತಿರುಗಿ ನೋಡಿದರೆ ಮಗನ ಒಂದು ಭುಜ ಬೆಲ್ಟಿನಿಂದ ಪೂರ್ತಿ ಹೊರಗೆ ಬಂದಿತ್ತು. ಹೊಸ ಜಾಕೆಟ್, ನುಣುಪು ಬಟ್ಟೆ, ಜಾರಿಬಿಟ್ಟಿತ್ತು. ಸುಮ್ನೆ ಒಂದು ಬ್ರೇಕಿಗೆ ಹೀಗಾದರೆ ನಿಜವಾಗಿ ಗುದ್ದಿದ್ದರೆ ಏನಾಗುತ್ತಿತ್ತು? ಅವತ್ತು ಮನೆ ಮುಟ್ಟುವವರೆಗೆ ನನ್ನ ಕೈ ನಡುಗುತ್ತಿತ್ತು. ಆ ಜಾಕೆಟ್ಟನ್ನು ಅವನು ಆಮೇಲೂ ಹಾಕಿಕೊಂಡ, ಆದರೆ ಕಾರಿನಿಂದ ಇಳಿದ ಮೇಲೆ.

ನಿಮ್ಮ ಮಗಳ ಜಾಕೆಟ್ ಎಷ್ಟು ಮೋಸ ಮಾಡುತ್ತದೆ ಅಂತ ಇವತ್ತೇ ನೋಡಬಹುದು. ಜಾಕೆಟ್ ಹಾಕಿ ಸೀಟಿನಲ್ಲಿ ಕೂರಿಸಿ. ಬೆಲ್ಟ್ ಹಾಕಿ, ಯಾವಾಗಿನಂತೆ ಬಿಗಿ ಮಾಡಿ. ಈಗ ಬೆಲ್ಟನ್ನು ಒಂದಿಷ್ಟೂ ಸಡಿಲ ಮಾಡದೆ, ಬಕಲ್ ಮಾತ್ರ ಬಿಚ್ಚಿ ಮಗುವನ್ನು ಎತ್ತಿಕೊಳ್ಳಿ. ಜಾಕೆಟ್ ತೆಗೆದು ಮತ್ತೆ ಕೂರಿಸಿ, ಅದೇ ಅಳತೆಯಲ್ಲಿ ಬಕಲ್ ಹಾಕಿ. ಬೆಲ್ಟ್ ಎಷ್ಟು ಜೋತುಬಿದ್ದಿದೆ ನೋಡಿ. ನಾನು ನೋಡಿದಾಗ ನನ್ನ ಇಡೀ ಅಂಗೈ ಅದರೊಳಗೆ ಹೋಗುತ್ತಿತ್ತು. ಅತ್ತೆಯವರನ್ನೂ ಕರೆದು ತೋರಿಸಿ. ಹತ್ತು ಸಲ ಬಾಯಲ್ಲಿ ಹೇಳುವ ಬದಲು ಇದನ್ನು ಒಂದು ಸಲ ಕಣ್ಣಲ್ಲಿ ಕಂಡರೆ ಸಾಕು.

ಬೆಲ್ಟ್ ಎಷ್ಟು ಬಿಗಿ ಇರಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಮಗುವಿನ ಭುಜದ ಮೇಲೆ, ಕೊರಳ ಎಲುಬಿನ ಹತ್ತಿರ, ಬೆಲ್ಟಿನ ಪಟ್ಟಿಯನ್ನು ಎರಡು ಬೆರಳಲ್ಲಿ ಮೇಲಿಂದ ಕೆಳಗೆ ಚಿವುಟಿ ನೋಡಿ. ಪಟ್ಟಿ ಮಡಿಚಿ ಬೆರಳಿಗೆ ಸಿಕ್ಕಿದರೆ ಇನ್ನೂ ಸಡಿಲ. ಬೆರಳು ಜಾರಿ ಬಂದರೆ ಸರಿ. ಮಗು ಸ್ವಲ್ಪ ಕಿರಿಕಿರಿ ಮಾಡಬಹುದು, ಅಳಬಹುದು. ಎದೆ ಒತ್ತುವಷ್ಟು ಬಿಗಿ ಇರಬಾರದು, ಪಟ್ಟಿ ತಿರುಚಿಕೊಂಡಿರಬಾರದು. ಅಷ್ಟು ನೋಡಿಕೊಂಡರೆ ಅವಳಿಗೆ ತೊಂದರೆ ಇಲ್ಲ.

ಈಗ ಬಟ್ಟೆಯ ಮಾತು. ನಮ್ಮ ಬೀದರಿನ ಥಂಡಿ ಬೇರೆ ಥರ. ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಯಾದಗಿರಿಗಿಂತ ಸಾಕಷ್ಟು ಮೇಲೆ. ಡಿಸೆಂಬರ್ ಜನವರಿಯಲ್ಲಿ ಆಕಾಶದಲ್ಲಿ ಮೋಡ ಇರುವುದಿಲ್ಲ, ಗಾಳಿ ಒಣ. ಹಗಲು ಕಾದ ನೆಲ ರಾತ್ರಿ ಬೇಗ ಆರಿಬಿಡುತ್ತದೆ. ಹೀಗಾಗಿ ನಸುಕಿನಲ್ಲಿ 10 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳಿವೆ. ಅದೇ ದಿನ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಒಂದೇ ದಪ್ಪ ಬಟ್ಟೆ ಈ ಊರಿಗೆ ಒಗ್ಗುವುದಿಲ್ಲ. ಒಂದೊಂದಾಗಿ ಕಳಚಲು ಬರುವ ತೆಳು ಬಟ್ಟೆಗಳೇ ಒಳ್ಳೆಯದು, ಅಲ್ವಾ?

ಒಳಗೆ ಹತ್ತಿ ಬನಿಯನ್, ಅದರ ಮೇಲೆ ತುಂಬು ತೋಳಿನ ಅಂಗಿ, ಮೇಲೆ ಕೈಯಲ್ಲಿ ಹೆಣೆದ ಸ್ವೆಟರ್. ಕಾಲಿಗೆ ಮೈಗೆ ಹತ್ತುವ ಪೈಜಾಮ, ಕಾಲುಚೀಲ. ನೀವು ಎಷ್ಟು ಹಾಕಿಕೊಂಡಿದ್ದೀರೋ ಅದಕ್ಕಿಂತ ಒಂದು ಬಟ್ಟೆ ಜಾಸ್ತಿ ಸಾಕು. ಸ್ವೆಟರ್ ಬಗ್ಗೆ ಅನುಮಾನ ಇದ್ದರೆ ಮೇಲೆ ಹೇಳಿದಂತೆ ಬಕಲ್ ಬಿಚ್ಚಿ ಹಾಕಿ ನೋಡಿ. ಬೆಲ್ಟ್ ಜೋತುಬೀಳದಿದ್ದರೆ ಆ ಸ್ವೆಟರ್ ಹಾಕಬಹುದು. ಹೊರಡುವ ಮುಂಚೆ ಲಂಗೋಟಿ ಅಥವಾ ಡೈಪರ್ ಒಣಗಿದೆಯಾ ಅಂತ ನೋಡಿ. ಒದ್ದೆ ಬಟ್ಟೆ ಕೊಡುವಷ್ಟು ಥಂಡಿಯನ್ನು ಗಾಳಿಯೂ ಕೊಡುವುದಿಲ್ಲ.

ಕೌದಿಯನ್ನು ನಾನು ಸುಮ್ನೆ ಹೇಳಲಿಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೂಸಿನ ಕೌದಿ ಇದೆಯಲ್ಲ, ಅದು ಹಗುರ, ಮೆತ್ತಗೆ, ಬೆಚ್ಚಗೆ. ಪದರಗಳ ನಡುವೆ ಗಾಳಿ ಹಿಡಿದುಕೊಳ್ಳುತ್ತದೆ. ಬೆಲ್ಟಿನ ಮೇಲೆ ಹೊದಿಸಿದಾಗ ಅದರಿಂದ ಬೆಲ್ಟ್ ಸಡಿಲ ಆಗುವ ಪ್ರಶ್ನೆಯೇ ಇಲ್ಲ. ಸೆಕೆ ಆದರೆ ಒಂದೇ ಕೈಯಲ್ಲಿ ತೆಗೆಯಬಹುದು, ಮಗು ಏಳುವುದೂ ಇಲ್ಲ. ಎದೆಯ ಮಟ್ಟಕ್ಕೆ ಹೊದಿಸಿ, ಎರಡೂ ಬದಿ ಸಿಕ್ಕಿಸಿ. ಮುಖದ ಹತ್ತಿರ ಬರಬಾರದು. ದೊಡ್ಡವರು ಒಬ್ಬರು ಹಿಂದೆ ಮಗುವಿನ ಪಕ್ಕದಲ್ಲೇ ಕೂರಿ, ಆಗಾಗ ನೋಡುತ್ತಿರಿ.

ಆದರೆ ಇದೇ ಕೌದಿಯನ್ನು ಮಡಿಚಿ ಮಗುವಿನ ಬೆನ್ನ ಹಿಂದೆ ಅಥವಾ ಕುಂಡೆಯ ಕೆಳಗೆ ಹಾಕಬೇಡಿ. ನಮ್ಮ ಕಡೆ ಹಿರಿಯರು ಪ್ರೀತಿಯಿಂದ ಮಾಡುವ ಕೆಲಸ ಇದು, ಸೀಟು ಗಟ್ಟಿ ಅಂತ. ಅದೂ ಜಾಕೆಟ್ಟಿನ ಹಾಗೇ ಒತ್ತಿ ಹೋಗುತ್ತದೆ. ಅಂಗಡಿಯಲ್ಲಿ ಬೇರೆಯಾಗಿ ಮಾರುವ ದಪ್ಪ ಮೆತ್ತೆಗಳದ್ದೂ ಇದೇ ಕಥೆ. ನನಗೂ ಒಬ್ಬ ಅಂಗಡಿಯವರು "ಥಂಡಿಗೆ ಚಲೋ ಆಗ್ತದ್ರೀ" ಅಂತ ಒಂದನ್ನು ಕಟ್ಟಿಕೊಟ್ಟಿದ್ದರು. ಸೀಟಿನ ಜೊತೆ ಕಂಪನಿಯೇ ಕೊಟ್ಟ ಮೆತ್ತೆ ಬಿಟ್ಟು ಬೇರೆ ಏನೂ ಒಳಗೆ ಸೇರಿಸಬೇಡಿ.

ಕುಂಚಗಿಯ ಬಗ್ಗೆಯೂ ಹೇಳಬೇಕು, ಅಂದರೆ ತಲೆಯಿಂದ ಬೆನ್ನಿನ ಮೇಲೆ ಇಳಿಬೀಳುವ ಕೂಸಿನ ಟೋಪಿ. ಕಾರಿಗೆ ಎತ್ತಿಕೊಂಡು ಹೋಗುವಾಗ, ಹೊಲದಲ್ಲಿ ಗಾಳಿ ಬೀಸುವಾಗ, ಅದರಷ್ಟು ಚೆಂದದ್ದು ಬೇರೆ ಇಲ್ಲ. ಆದರೆ ಸೀಟಿನಲ್ಲಿ ಅದರ ಹಿಂದಿನ ಜೋಲು ಬಟ್ಟೆ ಬೆನ್ನ ಹಿಂದೆ ಮುದ್ದೆಯಾಗಿ ತಲೆಯನ್ನು ಮುಂದಕ್ಕೆ ದೂಡುತ್ತದೆ. ಗದ್ದ ಎದೆಗೆ ತಾಗಿದರೆ ಚಿಕ್ಕ ಮಕ್ಕಳಿಗೆ ಉಸಿರಾಡಲು ಕಷ್ಟವಾಗುತ್ತದೆ. ಕೂರಿಸುವಾಗ ಕುಂಚಗಿ ತೆಗೆದು ತೆಳು ಟೋಪಿ ಹಾಕಿ. ಕಾರು ಬೆಚ್ಚಗಾದ ಮೇಲೆ ಅದನ್ನೂ ತೆಗೆಯಿರಿ. ಮಕ್ಕಳ ಕೈ ಕಾಲು ತಣ್ಣಗಿದ್ದರೆ ನಮಗೆ ಗಾಬರಿ ಆಗುತ್ತದೆ. ಆದರೆ ಅಂಗೈ ಮುಟ್ಟಿ ಥಂಡಿ ಅಳೆಯಲು ಬರುವುದಿಲ್ಲ, ಚೆನ್ನಾಗಿರುವ ಕೂಸಿನ ಅಂಗೈಯೂ ತಣ್ಣಗೇ ಇರುತ್ತದೆ. ಕುತ್ತಿಗೆಯ ಹಿಂಭಾಗ ಅಥವಾ ಎದೆ ಮುಟ್ಟಿ. ಬೆಚ್ಚಗಿದ್ದರೆ ಸಾಕು. ಬೆವರು ಹತ್ತಿದರೆ ಬಟ್ಟೆ ಜಾಸ್ತಿ ಆಗಿದೆ. ಮೈ ಅತಿಯಾಗಿ ಕಾಯುವುದು ಚಿಕ್ಕ ಮಕ್ಕಳಿಗೆ ಅಪಾಯ.

ಕಾರಿನ ಹೀಟರ್ ಹಾಕಲು ಹಿಂಜರಿಯಬೇಡಿ. ಎಂಜಿನ್ನಿನ ಬಿಸಿಯನ್ನೇ ಅದು ಒಳಗೆ ತರುವುದು. ಹೀಗಾಗಿ ಎಂಜಿನ್ ಕಾಯುವ ತನಕ, ಅಂದರೆ ಮೊದಲ ಐದು ಹತ್ತು ನಿಮಿಷ, ಬಿಸಿ ಗಾಳಿ ಬರುವುದಿಲ್ಲ. ಅಷ್ಟು ಹೊತ್ತಿಗೆ ಕೌದಿ ಇದೆಯಲ್ಲ. ಕಾರನ್ನು ಮೊದಲೇ ಬೆಚ್ಚಗೆ ಮಾಡಬೇಕಾದರೆ ಬಯಲಲ್ಲಿ ನಿಲ್ಲಿಸಿ ಚಾಲೂ ಮಾಡಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂದೂ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಅದು ಕೊಲ್ಲುತ್ತದೆ. ಗಾಜಿಗೆ ಮಂಜು ಹಿಡಿದರೆ ಹೊರಗಿನ ಗಾಳಿ ಒಳಗೆ ಬರುವಂತೆ ಬಟನ್ ತಿರುಗಿಸಿ. ಇಡೀ ಸೀಟು ಎತ್ತಿಕೊಂಡು ಹೋಗುವಂಥದ್ದಾದರೆ ರಾತ್ರಿ ಮನೆಯೊಳಗೇ ಇಟ್ಟುಕೊಳ್ಳಿ. ಬೆಳಗ್ಗೆ ತಣ್ಣನೆ ಬಕಲ್ ತಾಗಿ ಮಗು ಬೆಚ್ಚಿಬೀಳುವುದು ತಪ್ಪುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ಮಾತು ನನಗೆ ಚುಚ್ಚಿತು. ವರ್ಷ ತುಂಬಿದ ಮೇಲೆ ಮುಂದಕ್ಕೆ ಮುಖ ಮಾಡಿದ್ದೀರಿ. ದಯವಿಟ್ಟು ವಾಪಸ್ ಹಿಂದಕ್ಕೆ ತಿರುಗಿಸಿ. ಈ ವಯಸ್ಸಿನಲ್ಲಿ ಮೈಯ ಅಳತೆಗೆ ತಲೆ ಭಾರ ಇರುತ್ತದೆ, ಕುತ್ತಿಗೆಯ ಎಲುಬು ಇನ್ನೂ ಬಲಿತಿರುವುದಿಲ್ಲ. ಮುಂದಕ್ಕೆ ಮುಖ ಇದ್ದಾಗ ಕಾರು ಗುದ್ದಿದರೆ ಬೆಲ್ಟ್ ಮೈಯನ್ನು ಹಿಡಿಯುತ್ತದೆ, ತಲೆ ಮುಂದಕ್ಕೆ ಜಗ್ಗುತ್ತದೆ. ಹಿಂದಕ್ಕೆ ಮುಖ ಇದ್ದರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟೇ ಒಟ್ಟಿಗೆ ತಡೆಯುತ್ತದೆ. ಮಕ್ಕಳ ಕಾರ್ ಸೀಟಿಗೆ ಯುರೋಪಿನಲ್ಲಿರುವ ಆರ್ 129 ನಿಯಮದಲ್ಲಿ ಕನಿಷ್ಠ 15 ತಿಂಗಳವರೆಗೆ ಹಿಂದಕ್ಕೇ ಮುಖ ಇರಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘವಂತೂ ಸೀಟಿನ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ಹಾಗೇ ಕೂರಿಸಿ ಅನ್ನುತ್ತದೆ. ಆ ಮಿತಿ ಸೀಟಿನ ಬದಿಗೆ ಅಂಟಿಸಿದ ಚೀಟಿಯಲ್ಲೇ ಬರೆದಿರುತ್ತದೆ. ಹಿಂದಕ್ಕೆ ಮುಖ ಇದ್ದಾಗ ಭುಜದ ಬೆಲ್ಟ್ ಭುಜದ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿಂದ ಬರಬೇಕು. ಸೀಟು ಕಾರಿನ ಹಿಂದಿನ ಸಾಲಿನಲ್ಲೇ ಇರಲಿ. ಹಿಂದಕ್ಕೆ ಮುಖ ಮಾಡಿದ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನ ಮೇಲೆ ಇಡಲೇಬಾರದು.

ಎಳ್ಳ ಅಮಾವಾಸ್ಯೆಯ ದಿನ ಕಾರಿನಲ್ಲಿ ಜಾಗ ಇರುವುದಿಲ್ಲ ಅಂತ ನನಗೂ ಗೊತ್ತು. ಭಜ್ಜಿಯ ಪಾತ್ರೆ, ಅಂಬಲಿಯ ಕೊಡ, ಸಜ್ಜೆ ರೊಟ್ಟಿಯ ಬುಟ್ಟಿ, ಮೇಲೆ ಅತ್ತೆ, ಮಾವ, ನಾದಿನಿ. "ಹುಮನಾಬಾದೇ ಅಲ್ಲೇನು, ತೊಡಿ ಮ್ಯಾಲೆ ಕೂಡಿಸ್ಕೊಂಡ್ರ ಆಯ್ತು" ಅಂತ ಯಾರಾದರೂ ಅಂದೇ ಅನ್ನುತ್ತಾರೆ. 50 ಕಿಲೋಮೀಟರ್ ವೇಗದಲ್ಲಿ ಗುದ್ದುವುದು ಅಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಹಾಗೆ. ನಮ್ಮ ಬೀದರಿನ ಚೌಬಾರಾ ಗೋಪುರ 71 ಅಡಿ ಇದೆ. ಹೆಚ್ಚುಕಡಿಮೆ ಅದರ ಅರ್ಧ ಎತ್ತರ. ಅಷ್ಟು ಎತ್ತರದಿಂದ ಬೀಳುವಾಗ ಎತ್ತಿಕೊಂಡ ಮಗುವನ್ನು ಯಾವ ತಾಯಿಯ ತೋಳೂ ಹಿಡಿದಿಡಲಾರದು. ಪ್ರೀತಿ ಕಡಿಮೆ ಅಂತಲ್ಲ, ತೋಳಿಗೆ ಅಷ್ಟು ಶಕ್ತಿಯೇ ಇಲ್ಲ. ಪಾತ್ರೆಗಳು ಇನ್ನೊಂದು ಗಾಡಿಯಲ್ಲಿ ಬರಲಿ, ಮಗು ತನ್ನ ಸೀಟಿನಲ್ಲೇ ಇರಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಕಾನೂನೂ ಇದನ್ನೇ ಹೇಳುತ್ತದೆ. 14 ವರ್ಷದೊಳಗಿನ ಮಕ್ಕಳು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಇರಬೇಕು, ಇಲ್ಲದಿದ್ದರೆ 1000 ರೂಪಾಯಿ ದಂಡ.

ಕಾರಿಲ್ಲದೆ ಬೈಕಿನಲ್ಲಿ ಹೊಲಕ್ಕೆ ಹೋಗುವ ಮನೆಗಳೇ ನಮ್ಮಲ್ಲಿ ಜಾಸ್ತಿ, ಅವರಿಗೂ ಎರಡು ಮಾತು. 9 ತಿಂಗಳಿನಿಂದ 4 ವರ್ಷದ ಮಕ್ಕಳಿಗೆ ಓಡಿಸುವವರ ಮೈಗೆ ಕಟ್ಟುವ ಬೆಲ್ಟ್ ಮತ್ತು ಹೆಲ್ಮೆಟ್ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು. 2023ರ ಫೆಬ್ರುವರಿಯಿಂದ ಇದು ನಿಯಮ. ಬೈಕಿನಲ್ಲಿ ಗಾಳಿ ನೇರ ಬಡಿಯುವುದರಿಂದ ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಆದರೆ ಕೌದಿಯ, ಶಾಲಿನ, ಸೆರಗಿನ ತುದಿ ಜೋತಾಡದಂತೆ ಕಟ್ಟಿಕೊಳ್ಳಿ. ಚಕ್ರಕ್ಕೆ ಸಿಕ್ಕಿದರೆ ಎಳೆದುಬಿಡುತ್ತದೆ. ಆದಷ್ಟು ಬಿಸಿಲು ಏರಿದ ಮೇಲೆ ಹೊರಡಿ.

ಹೊಲ ಮುಟ್ಟಿದ ಮೇಲೆ ಜಾಕೆಟ್, ಕುಂಚಗಿ ಎಲ್ಲ ಹಾಕಿ, ಆಡಲು ಬಿಡಿ. ಮಗು ಕಾರಿನಲ್ಲೇ ಮಲಗಿದ್ದರೆ ಎತ್ತಿಕೊಂಡು ಬನ್ನಿ. "ಥಂಡಿ ಅದ, ಒಳಗೇ ಮಲಗ್ಲಿ" ಅಂತ ಗಾಜು ಏರಿಸಿ ಬಿಟ್ಟು ಹೋಗಬೇಡಿ. ಬಿಸಿಲಲ್ಲಿ ನಿಂತ ಕಾರು ಚಳಿಗಾಲದಲ್ಲೂ ಬೇಗ ಕಾಯುತ್ತದೆ.

ಅತ್ತೆಯವರಿಗೆ ಒಂದು ಕೆಲಸ ಒಪ್ಪಿಸಿ. ಬೆಲ್ಟ್ ನೀವು ಬಿಗಿ ಮಾಡಿ, ಕೌದಿ ಅವರು ಹೊದಿಸಲಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದೆವು. "ಆತೇನವ್ವ, ಬೆಲ್ಟ್ ಹಾಕಿದ್ಯಾ?" ಅಂತ ನಮ್ಮ ಅತ್ತೆಯೇ ಕೌದಿ ಹಿಡಿದು ಕಾಯುತ್ತಿದ್ದರು. ಸಂಜೆ ವಾಪಸ್ ಬರುವಾಗ ಮಗಳ ಮೈಮೇಲೆ ಬೆಳಗಿನ ಸ್ವೆಟರ್ ಇರುವುದಿಲ್ಲ, ಸೀಟಿನ ಬೆಲ್ಟ್ ಮಾತ್ರ ಬೆಳಗಿನ ಅಳತೆಯಲ್ಲೇ ಇರುತ್ತದೆ. ಮತ್ತೆ ಎಳೆದು ಬಿಗಿ ಮಾಡಿ, ಭುಜದ ಹತ್ತಿರ ಚಿವುಟಿ ನೋಡಿ, ಆಮೇಲೆ ಕಾರು ಬಿಡಿ.