ಅಂಕಫಲಕದ ಮುಂದಿನ ಮನಸ್ಸು

ಹತ್ತು ವರ್ಷಗಳ ಹಿಂದಿನ ಪಂದ್ಯವೊಂದರ ಕೊನೆಯ ನಿಮಿಷಗಳನ್ನು ಚಾಚೂ ತಪ್ಪದೆ ಬಣ್ಣಿಸುವ, ನಾಯಕನ ತಂತ್ರ ಎಲ್ಲಿ ಎಡವಿತೆಂದು ಕಾರಣಸಹಿತ ವಾದಿಸುವ ಅಭಿಮಾನಿಗೆ, ತನ್ನ ಜನಪ್ರತಿನಿಧಿ ಕಳೆದ ಅಧಿವೇಶನದಲ್ಲಿ ಯಾವ ಮಸೂದೆಯನ್ನು ಬೆಂಬಲಿಸಿದರೆಂಬುದು ಎಷ್ಟೋ ಸಲ ಗೊತ್ತಿರುವುದಿಲ್ಲ. ಇದಕ್ಕಾಗಿ ಜನರನ್ನು ದೂರುವುದು ಸುಲಭ. ಆದರೆ ವಿವರಗಳನ್ನು ನೆನಪಿಟ್ಟು ಸಾಧ್ಯತೆಗಳನ್ನು ತೂಗಿ ನೋಡುವ ಶಕ್ತಿ ಅವರಲ್ಲಿ ಧಾರಾಳವಾಗಿದೆ ಎಂಬುದಕ್ಕೆ ಆಟದ ಕುರಿತ ಅವರ ಮಾತೇ ಸಾಕ್ಷಿ. ಆ ಶಕ್ತಿ ರಾಜಕೀಯದ ಕಡೆಗೆ ಏಕೆ ಹರಿಯುವುದಿಲ್ಲ?

ಉತ್ತರದ ಒಂದು ಭಾಗ ಮಿದುಳಿನಲ್ಲಿದೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು ಕೋತಿಗಳಲ್ಲಿ ನಡೆಸಿದ ಪ್ರಯೋಗಗಳು, ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ಮಿದುಳಿನ ನರಕೋಶಗಳು ನಿರೀಕ್ಷೆಗೂ ದೊರೆತ ಫಲಕ್ಕೂ ಇರುವ ಅಂತರಕ್ಕೆ ಸ್ಪಂದಿಸುತ್ತವೆಂದು ತೋರಿಸಿದವು. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಹುಮಾನ ಸಿಗುವ ಸಾಧ್ಯತೆ ಸರಿಯಾಗಿ ಅರ್ಧದಷ್ಟಿದ್ದಾಗ, ಕಾಯುವ ಹೊತ್ತಿನಲ್ಲಿ ಈ ಕೋಶಗಳ ಚಟುವಟಿಕೆ ಅತಿ ಹೆಚ್ಚು ಏರಿತು. ಕೋತಿಯ ನರಕೋಶದಿಂದ ಕ್ರೀಡಾಂಗಣದ ಜನಸ್ತೋಮಕ್ಕೆ ಒಂದೇ ನೆಗೆತದಲ್ಲಿ ಹಾರಬಾರದು. ಆದರೂ ಸಮಬಲದ ಪಂದ್ಯವೇ ನಮ್ಮನ್ನು ಹೆಚ್ಚು ಹಿಡಿದಿಡುತ್ತದೆಂಬ ಅನುಭವಕ್ಕೆ ಇದು ಹೊಂದುತ್ತದೆ. ಪಂದ್ಯದಲ್ಲಿ ನಮ್ಮ ಊಹೆ ಸರಿಯೋ ತಪ್ಪೋ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ತೆರಿಗೆ ನೀತಿಯೊಂದರ ಫಲವಾದರೋ ವರ್ಷಗಳ ಅನಂತರ, ನೂರು ಬೇರೆ ಕಾರಣಗಳೊಡನೆ ಹೆಣೆದುಕೊಂಡು ಬರುತ್ತದೆ; ಕಲಿಯಬಯಸುವ ಮನಸ್ಸಿಗೆ ಹಿಡಿತವೇ ಸಿಗುವುದಿಲ್ಲ.

ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1957ರಲ್ಲಿ ಬೇರೆ ಲೆಕ್ಕ ಮುಂದಿಟ್ಟರು: ಒಂದು ಮತದಿಂದ ಚುನಾವಣೆಯ ಫಲಿತಾಂಶ ಬದಲಾಗುವುದು ಅಪರೂಪವಾದ್ದರಿಂದ, ನೀತಿಗಳನ್ನು ಅಧ್ಯಯನ ಮಾಡಲು ತಗಲುವ ಶ್ರಮ ಮತದಾರನಿಗೆ ಲಾಭದಾಯಕವಲ್ಲ. ಈ ವಾದ ನನಗೆ ಅಪೂರ್ಣವಾಗಿ ಕಾಣುತ್ತದೆ. ಅಭಿಮಾನಿಯ ತಿಳಿವಳಿಕೆಯಿಂದಲೂ ಪಂದ್ಯದ ಫಲಿತಾಂಶ ಒಂದಿಷ್ಟೂ ಬದಲಾಗುವುದಿಲ್ಲವಲ್ಲ! ಅಲ್ಲಿ ಅರಿವೇ ಆನಂದವಾಗುತ್ತದೆ, ಸ್ನೇಹಿತರ ನಡುವಿನ ಮಾತಿಗೆ ಬಂಡವಾಳವಾಗುತ್ತದೆ. ಅಷ್ಟೇ ಅಲ್ಲ, ಮುಂದಿನ ಅರಿವಿಗೂ ದಾರಿ ಮಾಡುತ್ತದೆ. 1988ರ ಅಧ್ಯಯನವೊಂದರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದ ಶಾಲಾಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆಯನ್ನು ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟವನ್ನು ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟ ತಿಳಿಯದವರಿಗಿಂತ ಹೆಚ್ಚನ್ನು ನೆನಪಿಟ್ಟುಕೊಂಡಿದ್ದರು. ಶಾಸನಸಭೆಯ ನಿಯಮಗಳನ್ನು ಯಾರೂ ಹೀಗೆ ಆಡುತ್ತಾ ಕಲಿತಿರುವುದಿಲ್ಲ.

ಪಕ್ಷಪಾತ ಮಾತ್ರ ಆಟದಲ್ಲೂ ರಾಜಕೀಯದಲ್ಲೂ ಒಂದೇ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ವಿದ್ಯಾಸಂಸ್ಥೆಗಳ ತಂಡಗಳ ನಡುವೆ ಒರಟಾದ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಅದರ ಒಂದೇ ಚಿತ್ರಸುರುಳಿಯನ್ನು ನೋಡಿದ ಪ್ರಿನ್ಸ್‌ಟನ್ ವಿದ್ಯಾರ್ಥಿಗಳು, ಡಾರ್ಟ್‌ಮತ್ ವಿದ್ಯಾರ್ಥಿಗಳು ಎಣಿಸಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತಪ್ಪುಗಳನ್ನು ಡಾರ್ಟ್‌ಮತ್ ತಂಡದಲ್ಲಿ ಕಂಡರು.

ಹಾಗಾದರೆ ರಾಜಕೀಯಕ್ಕೂ ಅಂಕಫಲಕವಿದ್ದರೆ ಏನಾದೀತು? ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ನಗರ ಬಜೆಟ್‌ನ ಹೂಡಿಕೆಗಳನ್ನು ಯಾವುದಕ್ಕೆ ಮೀಸಲಿಡಬೇಕೆಂಬ ಚರ್ಚೆಯನ್ನು ಜನರ ಸಭೆಗಳಿಗೇ ತರಲಾಯಿತು. ಚರಂಡಿ, ರಸ್ತೆಗಳಂಥ ಕೆಲಸಗಳನ್ನು ಆದ್ಯತೆಯ ಕ್ರಮದಲ್ಲಿ ಜೋಡಿಸಲು ಸಾವಿರಾರು ಮಂದಿ, ಅವರಲ್ಲಿ ಬಡವರೇ ಬಹಳ, ಸಂಜೆಯ ಹೊತ್ತನ್ನು ಮೀಸಲಿಟ್ಟರು. ವರ್ಷದ ಮೊದಲ ಸುತ್ತಿನ ಸಭೆಗಳಲ್ಲಿ ಹಿಂದಿನ ವರ್ಷ ಒಪ್ಪಿಕೊಂಡ ಕೆಲಸಗಳಲ್ಲಿ ಯಾವುವು ಮುಗಿದವು, ಯಾವುವು ಉಳಿದವು ಎಂಬ ಲೆಕ್ಕವನ್ನು ಆಡಳಿತ ಜನರ ಮುಂದೆ ಒಪ್ಪಿಸಬೇಕಿತ್ತು.